ಗೆಡ್ಡೆಯ ಬುತ್ತಿ

೫ ಏಪ್ರಿಲ್ ೧೯೮೪, ಗುರುವಾರ

ಅತ್ತೆ ಕಾಲು ಮುರಿದುಕೊಂಡರು. ಯುಗಾದಿ ಒಬ್ಬಟ್ಟಿನ ಸಿಹಿ ಇನ್ನೂ ನಾಲಿಗೆ ಮೇಲಿದೆ, ಅಷ್ಟರಲ್ಲಿ ಇದು. ರೇಷ್ಮೆ ಹುಳದ ಮನೆಗೆ ಸುಣ್ಣ ಬಳಿಯಬೇಕೆಂದು ತಾವೇ ಏಣಿ ಹತ್ತಿದರು. ನಾನು ಹತ್ತುತ್ತೇನೆ ಅತ್ತೆ ಅಂದೆ. "ನಿಂಗೆ ಮೂಲೆ ಮೂಲೆ ಬಳ್ಯಕ್ಕೆ ಬರಾಕಿಲ್ಲ, ಸುಮ್ಕೆ ಏಣಿ ಇಡ್ಕೊ" ಅಂದರು. ಹಿಡಿದುಕೊಂಡೆ. ಏಣಿ ಅಲುಗಲಿಲ್ಲ, ದೇವರಾಣೆಗೂ ಅಲುಗಲಿಲ್ಲ. ಸುಣ್ಣದ ನೀರಿನ ಮೇಲೆ ಅತ್ತೆಯ ಕಾಲೇ ಜಾರಿತು. ಆದರೆ ಉಯ್ಯಂಬಳ್ಳಿಗೆಲ್ಲ ಗೊತ್ತಾಗಿರುವುದು ಇಷ್ಟೆ: ಮಾಗಡಿ ಸೊಸೆ ಏಣಿ ಹಿಡಿದಿದ್ದಳು, ಬೀರಮ್ಮ ಬಿದ್ದಳು.

ಕನಕಪುರದಲ್ಲಿ ಮೂಳೆ ಕೂರಿಸಿ ಬಿಳಿ ಪಟ್ಟಿ ಹಾಕಿ ಕಳಿಸಿದ್ದಾರೆ. ಜಗಲಿ ಮೇಲೆ ಮಂಚ ಹಾಕಿದ್ದೇವೆ. "ನಂದಿನ್ನು ಆಯ್ತು ಕಣಮ್ಮಿ, ಇನ್ನು ಎದ್ದೇಳಾಕಿಲ್ಲ ನಾನು" ಅಂತ ಅಳುತ್ತಾರೆ. ಅಳುತ್ತಲೇ "ಸೊಪ್ಪಿನ ಗೋಣಿ ನೆಳ್ಳಿಗೆ ಇಕ್ಕಿದ್ಯಾ?" ಅಂತಲೂ ಕೇಳುತ್ತಾರೆ.

ಸೋಮವಾರ ರೇಷ್ಮೆ ಮೊಟ್ಟೆ ಒಡೆಯುತ್ತವೆ. ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ನಾನು ಸೊಪ್ಪು ಕೊಯ್ದಿದ್ದೇನೆ, ಕಸ ಎತ್ತಿದ್ದೇನೆ. ಹುಳಕ್ಕೆ ಕೈ ಹಾಕಿದವಳಲ್ಲ. ಅದು ಅತ್ತೆಯ ರಾಜ್ಯ. ಇವರು ಚನ್ನಪಟ್ಟಣದಿಂದ ತಮ್ಮ ಅಕ್ಕನನ್ನು ಕರೆಸುತ್ತೇನೆ ಅಂದರು. ಅದೇ ಬಾಯಲ್ಲಿ, ಹಳೇ ಕುರಿರೊಪ್ಪದ ಹಿಂದಿನ ಹಿತ್ತಲಿಗೂ ಹಿಪ್ಪುನೇರಳೆ ಕಡ್ಡಿ ನೆಡೋಣ ಅಂದರು. ಕುರಿ ಮಾರಿ ಹುಳ ಕಟ್ಟಿದಾಗಿನಿಂದ ಇವರ ಕಣ್ಣಿಗೆ ಖಾಲಿ ನೆಲ ಕಾಣುವುದೇ ಇಲ್ಲ. ಬಚ್ಚಲ ನೀರು ಹರಿಯುವ ಕಡೆಯೂ ಕಡ್ಡಿ ನೆಟ್ಟಿದ್ದಾರೆ. ಬಿಟ್ಟರೆ ನನ್ನ ತಲೆ ಮೇಲೂ ನೆಡುತ್ತಾರೆ.

ನನಗೆ ಎಲ್ಲಿತ್ತೋ ಕೋಪ. "ಹುಳ ನಾನೇ ನೋಡ್ಕತೀನಿ. ಹಿತ್ಲಿಗೆ ಮಾತ್ರ ಕೈ ಹಾಕ್ಬ್ಯಾಡಿ" ಅಂದೆ.

ಇವರು ನಕ್ಕರು. "ಈ ಬೆಳೆ ನಿನ್ ಕೈಲಿ ಗೂಡು ಕಟ್ಟಿದ್ರೆ ಹಿತ್ಲು ನಿಂದೆ, ನಾನ್ ಕೇಳಾಕಿಲ್ಲ. ಕೆಟ್ರೆ, ಮಾರ್ನೆ ದಿನ್ವೇ ನೇಗ್ಲು ಕಟ್ತೀನಿ."

ಆಯ್ತು ಅಂದೆ. ಅಂದುಬಿಟ್ಟೆ! ಇದು ಇವರ ಮನೆ, ಇವರ ಹುಳ, ಕೆಟ್ಟರೆ ನನಗೇನು ಅಂದುಕೊಳ್ಳಬಹುದಿತ್ತು. ಆದರೆ ಆ ಹಿತ್ತಲಿನಲ್ಲಿ ನನ್ನ ಅವ್ವನ ಸುವರ್ಣಗೆಡ್ಡೆ ಇದೆ.

ಬೆಳೆ ಮುಗಿದ ಮೇಲೆ ಬಂದು ಕರೆದುಕೊಂಡು ಹೋಗು ಅಂತ ಅಣ್ಣನಿಗೆ ಹೇಳಿಕಳಿಸಿದ್ದೇನೆ. ಒಂದು ತಿಂಗಳು ನಮ್ಮ ಮನೆಯಲ್ಲಿ ಕಾಲು ಚಾಚಿ ಮಲಗಬೇಕು.

೯ ಏಪ್ರಿಲ್

ಒಡೆದವು! ಬೆಳಕು ಬಿದ್ದದ್ದೇ ತಡ, ಹಾಳೆ ತುಂಬ ಕಪ್ಪು ಕಪ್ಪು. ಇರುವೆಗಿಂತ ಸಣ್ಣವು. ಉಸಿರು ಬಿಟ್ಟರೆ ಹಾರಿಹೋಗುತ್ತವೇನೋ ಎಂದು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡೆ. ಕುಡಿ ಸೊಪ್ಪನ್ನು ನೂಲಿನ ಹಾಗೆ ಹೆಚ್ಚಿ ಉದುರಿಸಿದೆ. ಹತ್ತಿದವು, ತಿಂದವು! ಯಾರೂ ಹೇಳಿಕೊಡದೆ ತಿಂದವು.

ಅತ್ತೆ ಮಂಚದಿಂದಲೇ ಕಿಟಕಿಯ ಕಡೆ ಮುಖ ಮಾಡಿ ಕೂಗುತ್ತಾರೆ. ಚಪ್ಪಲಿ ಹೊರಗೆ ಬಿಡು. ಕೈ ತೊಳಿ. ಹುಳ ಗೂಡು ಕಟ್ಟುವವರೆಗೆ ಮನೆಯಲ್ಲಿ ಒಗ್ಗರಣೆ ಇಲ್ಲ, ಘಾಟು ಆಗದು. ಮಾವನ ಬೀಡಿ ಬೇಲಿಯಾಚೆ. ಹೊರಗಾದ ದಿನ ಬಾಗಿಲು ದಾಟಬೇಡ. ಹುಳದ ತಟ್ಟೆ ಜೋಡಿಸುವ ಸ್ಟ್ಯಾಂಡಿನ ಕಾಲ ಕೆಳಗಿನ ಬಟ್ಟಲಿಗೆ ನೀರು ಹಾಕು, ಇರುವೆ ಹತ್ತದ ಹಾಗೆ. ನಾನು ಎಲ್ಲಕ್ಕೂ "ಹೂಂ" ಅನ್ನುತ್ತೇನೆ. "ಹೂಂ ಅಂತಾಳೆ ಹೂಂ, ಗುಮ್ಮನ್ ತರ" ಅನ್ನುತ್ತಾರೆ.

೧೨ ಏಪ್ರಿಲ್

ಇವರು ಹೋದ ಬೆಳೆಯ ದುಡ್ಡಿನಲ್ಲಿ ರೇಡಿಯೊ ತಂದಿದ್ದರು. ಸಂಜೆ ಅತ್ತೆಯ ಮಂಚದ ಪಕ್ಕ ಇಟ್ಟು ಹಾಕುತ್ತೇನೆ, ಒಂದರ್ಧ ಗಂಟೆ ಕಿಟಕಿ ಕೂಗು ನಿಲ್ಲುತ್ತದೆ. ಈ ವಾರ ರೈತರ ಕಾರ್ಯಕ್ರಮದಲ್ಲಿ ಯಾರೋ ಮೇಷ್ಟ್ರು ಗೆಡ್ಡೆ ಗೆಣಸುಗಳ ಕಥೆ ಹೇಳುತ್ತಿದ್ದಾರೆ. ಇವತ್ತು ಕೇಳಿ ನನ್ನ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು.

ಆಲೂಗೆಡ್ಡೆ ನಮ್ಮದಲ್ಲವಂತೆ. ಹೋಗಲಿ, ಅದು ಗೊತ್ತಿತ್ತು. ಸಮುದ್ರದಾಚೆ, ದಕ್ಷಿಣ ಅಮೆರಿಕದ ಹಿಮದ ಬೆಟ್ಟಗಳ ಮೇಲೆ ಹುಟ್ಟಿದ್ದಂತೆ. ಆದರೆ ಸಿಹಿಗೆಣಸು! ಅದೂ ಅಲ್ಲಿಂದಲೇ ಹಡಗು ಹತ್ತಿ ಬಂದದ್ದಂತೆ. ಮರಗೆಣಸು ಬ್ರೆಜಿಲ್ಲಿನದಂತೆ. ಇನ್ನೊಂದು ವಿಚಿತ್ರ: ಆಲೂಗೆಡ್ಡೆ ಬೇರೇ ಅಲ್ಲ, ಮಣ್ಣಿನೊಳಗೆ ಊದಿಕೊಂಡ ಕಾಂಡ. ಅದರ ಮೈಮೇಲಿನ ಕಣ್ಣುಗಳೇ ಮೊಗ್ಗು. ಗೆಣಸು ಮಾತ್ರ ನಿಜವಾದ ಬೇರು. ಎರಡನ್ನೂ ಒಂದೇ ಮಂಕರಿಯಲ್ಲಿ ಹಾಕಿ ತೊಳೆಯುತ್ತಿದ್ದೆ ಇಷ್ಟು ವರ್ಷ.

"ಗೆಣಸು ಹಡಗಲ್ಲಿ ಬಂತಂತೆ ಗೆಣಸು!" ಅತ್ತೆಗೆ ಕಾಲುನೋವು ಮರೆತುಹೋಯಿತು. "ನಮ್ಮಜ್ಜಿ ಕಾಲ್ದಿಂದ ಬೇಯಿಸ್ಕಂಡ್ ತಿಂತಾವ್ರೆ. ಆ ಮೇಷ್ಟ್ರುಗೆ ಯಾರೇ ಹೇಳಿದ್ದು?"

ರೇಷ್ಮೆ ಹುಳ, ಹಿಪ್ಪುನೇರಳೆ ಕೂಡ ಚೀನಾದಿಂದ ಬಂದವು, ಶಾಲೆಯಲ್ಲಿ ಓದಿದ್ದೇನೆ ಅಂದೆ.

ಮಾವ ಬೇಲಿಯಾಚೆ ಬೀಡಿ ಆರಿಸಿ ಬಂದು, "ಅಂಗಾರೆ ಈ ಊರ್ನಾಗೆ ಇಲ್ಲೇ ಹುಟ್ಟಿದ್ದು ಅಂದ್ರೆ ನಾನು, ನಾವ್ ಮಾರಿದ್ ಕುರಿ, ಅಷ್ಟೇಯಾ" ಅಂದರು.

"ನಿಮ್ ತಾತ್ನೂ ಎಲ್ಲಿಂದ್ಲೋ ಕುರಿ ಹೊಡ್ಕಂಡ್ ಬಂದೋನೇ, ಸುಮ್ಕಿರಿ" ಅಂದರು ಅತ್ತೆ.

ರಾತ್ರಿ ಊಟಕ್ಕೆ ಗೆಣಸು ಬೇಯಿಸಿದ್ದೆ. ಸಿಪ್ಪೆ ಸುಲಿಯುವಾಗ ಒಂದು ಕ್ಷಣ ಕೈ ತಡೆಯಿತು. ಎಷ್ಟು ದೂರದಿಂದ ಬಂದು, ಇಲ್ಲಿಯ ಮಣ್ಣಿಗೆ ಹೇಗೆ ಒಗ್ಗಿಕೊಂಡು, ಅತ್ತೆಯಂಥ ಅತ್ತೆಯ ಕೈಲೂ ನಮ್ಮದು ಅನ್ನಿಸಿಕೊಂಡಿದೆ! ಶಹಭಾಸ್ ಅನ್ನಬೇಕು.

೧೪ ಏಪ್ರಿಲ್

ಹುಳ ಜ್ವರಕ್ಕೆ ಕೂತು ಎದ್ದವು. ಮೊದಲ ಸಲ ನೋಡಿ ಗಾಬರಿಯಾದೆ. ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು, ಕದಲದೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹೀಗೆ ಕೂರುತ್ತವೆ, ಇಲ್ಲಿ ಅದಕ್ಕೆ ಜ್ವರ ಅನ್ನುತ್ತಾರೆ. ಇಂಥ ನಾಲ್ಕು ಜ್ವರ ಕಳೆದರೆ ಆಮೇಲೆ ಗೂಡು. ಅಷ್ಟು ಹುಳಗಳು ಒಟ್ಟಿಗೆ ತಲೆ ಎತ್ತಿ ಕೂತದ್ದು ನೋಡಿ ನಾನೂ ಕದಲದೆ ಕೂತೆ.

ಆ ಹೊತ್ತಿಗೆ ಸೊಪ್ಪು ಹಾಕಬಾರದು. ಹಾಕಿದೆ, ಬೈಸಿಕೊಂಡೆ.

೧೭ ಏಪ್ರಿಲ್, ಮಂಗಳವಾರ

ಅಶ್ವಿನಿ ಮಳೆ ಒಂದು ಹದ ಬಿತ್ತು. ಸೊಪ್ಪಿನ ಒದ್ದೆ ಒರೆಸಿ ಒರೆಸಿ ಕೈ ಸೋತಿದೆ, ಆದರೂ ಇದನ್ನು ಬರೆಯದೆ ಮಲಗುವುದಿಲ್ಲ.

ನಿನ್ನೆ ಖಾಸಿಂ ಸೈಕಲ್ಲಿನಲ್ಲಿ ಸೀಮೆ ತರಕಾರಿ ಮಾರಲು ತಂದಿದ್ದ. ರೇಷ್ಮೆ ಬಂದ ಮೇಲೆ ಈ ಊರಿಗೆ ಇವೂ ಬಂದಿವೆ, ಕ್ಯಾರೆಟ್ಟು, ಬೀಟ್‌ರೂಟು. "ತಗೊಳಮ್ಮ, ಬೀಟ್ರೂಟ್ ತಿಂದ್ರೆ ರಕ್ತ ಆಗತ್ತೆ, ಅಜ್ಜಿ ಕಾಲು ಬೇಗ ಕೂಡತ್ತೆ" ಅಂದ. ಪಲ್ಯ ಮಾಡಿದೆ. ಮುದ್ದೆಯೆಲ್ಲ ಕೆಂಪಾಯಿತು. "ಕುರಿ ಕುಯ್ದಂಗೈತೆ" ಅನ್ನುತ್ತಾ ಮಾವ ಎರಡು ಸಲ ಹಾಕಿಸಿಕೊಂಡರು.

ಇವತ್ತು ಬೆಳಿಗ್ಗೆ ಮಾವ ಬಯಲಿನಿಂದ ಓಡಿ ಬಂದರು. ಮುಖ ಬಿಳಿಚಿಕೊಂಡಿದೆ. ಜಗಲಿ ಮೇಲೆ ಕುಸಿದು, "ಬೀರಮ್ಮ, ನಿನ್ಗಿಂತ ಮುಂಚೆ ನಾನೇ ಹೊಂಟೆ ಕಣೇ. ರಕ್ತ ಹೋಯ್ತಾ ಐತೆ" ಅಂದರು. ಅತ್ತೆ ಎದೆ ಎದೆ ಬಡಿದುಕೊಂಡರು. ಇವರು ಬಸ್ಸಿಗೆ ಓಡಲು ಅಂಗಿ ಹಾಕಿಕೊಂಡರು. ಖಾಸಿಂ ಆ ಹೊತ್ತಿಗೆ ಬಂದದ್ದು ಪುಣ್ಯ. "ಅಯ್ಯೋ ಗೌಡ್ರೇ, ಅದು ಬೀಟ್ರೂಟ್ ಬಣ್ಣ, ಹಂಗೇ ಇಳಿಯತ್ತೆ!" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತೆ ಮಾವನಿಗೆ ಬೈದ ಬೈಗುಳವನ್ನು ನಾನು ಬರೆಯುವುದಿಲ್ಲ.

ಸಂಜೆ ರೇಡಿಯೊ ಮೇಷ್ಟ್ರು ಅದೇ ಬೀಟ್‌ರೂಟಿನ ಮಾತು ತೆಗೆಯಬೇಕೆ! ಅದು ಯಾವುದೋ ಸಮುದ್ರದ ದಂಡೆಯ ಕಾಡುಗಿಡವಂತೆ, ಮೊದಮೊದಲು ಜನ ಸೊಪ್ಪು ಮಾತ್ರ ತಿನ್ನುತ್ತಿದ್ದರಂತೆ. ಕ್ಯಾರೆಟ್ಟು ಆಫ್ಘಾನಿಸ್ತಾನದ ಕಡೆಯದು, ಮೊದಲು ನೇರಳೆ ಬಣ್ಣಕ್ಕಿತ್ತಂತೆ. ಆಮೇಲೆ ಹೇಳಿದ್ದೇ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಈ ಗಿಡಗಳೆಲ್ಲ ಒಂದು ವರ್ಷ ಬಿಸಿಲು ದುಡಿದು ಅನ್ನ ಮಾಡಿ, ಮಣ್ಣಿನ ಕೆಳಗೆ ಕಟ್ಟಿ ಇಟ್ಟುಕೊಳ್ಳುತ್ತವಂತೆ. ಯಾಕೆ? ಮುಂದಿನ ವರ್ಷ ಹೂ ಬಿಡಲಿಕ್ಕೆ. ಅದು ಹೂವಿನ ದಾರಿಗೆ ಕಟ್ಟಿಕೊಂಡ ಬುತ್ತಿ. ಆ ಬುತ್ತಿಯನ್ನು ನಾವು ಅರ್ಧ ದಾರಿಯಲ್ಲಿ ಕಿತ್ತುಕೊಂಡು ತಿನ್ನುತ್ತೇವೆ.

ಹುಟ್ಟಿದಾಗಿನಿಂದ ಗೆಡ್ಡೆ ತಿಂದಿದ್ದೇನೆ. ಬುತ್ತಿ ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ಕೊನೆಗೆ ಒಂದು ಮಾತು ಹೇಳಿದರು, ಕೆಸು ಮತ್ತು ಸುವರ್ಣಗೆಡ್ಡೆ ಹಡಗಿನಲ್ಲಿ ಬಂದವಲ್ಲ, ಬಹಳ ಹಿಂದಿನಿಂದ ನಮ್ಮ ಕಡೆಯವೇ ಅಂತ. ನನಗೆ ಯಾಕೋ ಹೆಮ್ಮೆಯಾಯಿತು, ಅವ್ವನನ್ನೇ ಹೊಗಳಿದ ಹಾಗೆ.

೨೦ ಏಪ್ರಿಲ್

ಹುಳ ಮೂರನೇ ಜ್ವರಕ್ಕೆ ಕೂರುವ ಹೊತ್ತು. ಒಂದು ಗಳಿಗೆ ಬಿಡುವು ಸಿಕ್ಕಿತು, ಹಿತ್ತಲಿಗೆ ಓಡಿದೆ.

ಅವ್ವನ ಗೆಡ್ಡೆ ಮೊಳೆತಿದೆ. ಆದರೆ ಎಲೆಯ ಮೊಳಕೆಯ ಹಾಗಿಲ್ಲ. ಎಲೆಯಾದರೆ ಚೂಪಾಗಿ ಸುತ್ತಿಕೊಂಡು ಬರುತ್ತದೆ. ಇದು ನನ್ನ ತೋಳಿನಷ್ಟು ದಪ್ಪ, ಮೊಂಡು, ಮೈಯೆಲ್ಲ ಹಾವಿನ ಚುಕ್ಕೆ. ಕೊಳೆರೋಗವೋ ಏನೋ. ಮುಟ್ಟಲು ಧೈರ್ಯವಾಗಲಿಲ್ಲ. ಊರ ಕುರಿಗಳು ಮೂತಿ ಹಾಕದಿರಲೆಂದು ಸುತ್ತ ಜಾಲಿಮುಳ್ಳು ಇಟ್ಟು ಬಂದೆ.

ಮದುವೆಯಲ್ಲಿ ಮಡಿಲು ತುಂಬುವ ದಿನ ಎಲ್ಲರೂ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿದರು. ಅವ್ವ ಮುಷ್ಟಿಯಷ್ಟು ಗೆಡ್ಡೆಯನ್ನೂ ಸೆರಗಿನಲ್ಲಿ ಕಟ್ಟಿದಳು. "ಹಸಿವು ಅನ್ನೋದು ಹೇಳಿ ಕೇಳಿ ಬರಾಕಿಲ್ಲ, ಇದು ನೆಲದಾಗಿದ್ರೆ ಒಂದ್ ಧೈರ್ಯ" ಅಂದಳು. ಅದೇ ವರ್ಷ ಮಳೆಗಾಲದಲ್ಲಿ ಹೋಗಿಬಿಟ್ಟಳು. ಆಮೇಲೆ ನನಗೆ ಅದಕ್ಕೆ ಗುದ್ದಲಿ ಹಾಕಲು ಮನಸ್ಸು ಬರಲಿಲ್ಲ. ಇಲ್ಲಿ ಯಾರೂ ಕೇಳಲೂ ಇಲ್ಲ. ಅತ್ತೆ ಅದನ್ನು ತುರಿಕೆ ಗೆಡ್ಡೆ ಅನ್ನುತ್ತಾರೆ. ಹುಣಸೆಹುಳಿ ಹಾಕಿ ಬೇಯಿಸಿದರೆ ತುರಿಸುವುದಿಲ್ಲ ಅಂದರೆ ಕೇಳುವವರು ಯಾರು? ಪ್ರತಿವರ್ಷ ಎಲೆ ಒಣಗಿ ಬೀಳುತ್ತದೆ, ಪ್ರತಿವರ್ಷ ಮೊದಲಿಗಿಂತ ದೊಡ್ಡ ಕೊಡೆ ಬಿಚ್ಚಿ ಏಳುತ್ತದೆ. ಹಳೇ ಕುರಿಗೊಬ್ಬರ, ಅದರ ಮೇಲೆ ಹುಳದ ಕಸ, ಕೆಳಗೆ ಎಷ್ಟು ದೊಡ್ಡದಾಗಿದೆಯೋ ಶಿವನೇ ಬಲ್ಲ.

ಈ ನೆಲಕ್ಕೆ ನೇಗಿಲು ಬಿದ್ದರೆ ನಾನು ಬದುಕಿರುವುದಿಲ್ಲ. ಬದುಕಿರುತ್ತೇನೆ, ಆದರೆ ಇವರ ಜೊತೆ ಮಾತಾಡುವುದಿಲ್ಲ.

೨೭ ಏಪ್ರಿಲ್

ನಾಲ್ಕನೇ ಜ್ವರ. ಕೂತಲ್ಲೇ ನಿದ್ದೆ. ಅತ್ತೆ ಕಿಟಕಿಯಿಂದ "ಒಸಿ ಮಲಿಕ್ಕೊ ಹೋಗು, ನಾನ್ ಕಿವಿ ಕೊಟ್ಟಿರ್ತೀನಿ" ಅಂದರು. ಸರಿಯಾಗಿ ಕೇಳಿಸಿತೋ ಇಲ್ಲವೋ.

೩೦ ಏಪ್ರಿಲ್

ಎದ್ದವು. ಈಗ ಬೆರಳುದ್ದ, ಬೆಳ್ಳಗೆ. ಮೂರು ಹೊತ್ತೂ ತಿನ್ನುತ್ತವೆ. ಕಣ್ಣು ಮುಚ್ಚಿಕೊಂಡರೆ ತಿನ್ನುವ ಸದ್ದಿಗೆ ಹುಳದ ಮನೆಯೊಳಗೆ ಸೋನೆ ಮಳೆ. ಇವರು, ಮಾವ ಇಬ್ಬರೂ ಸೊಪ್ಪು ಹೊತ್ತು ಹೊತ್ತು ಬೆನ್ನು ಬಾಗಿದ್ದಾರೆ. ಇನ್ನು ಐದಾರು ದಿನ ನಿಭಾಯಿಸಿದರೆ ಗೂಡಿಗೆ ಬೀಳುತ್ತವೆ. ಹಿತ್ತಲಿಗೆ ಹೋಗಿ ವಾರದ ಮೇಲಾಯಿತು.

ಬಿಸಿಲು ಕೆಂಡ. ಇಂಥ ಬಿಸಿಲಿಗೇ ಸಪ್ಪೆ ರೋಗ ಬರುವುದಂತೆ. ಹುಳ ಮೆತ್ತಗಾಗಿ, ಕೊಳೆತು, ಹೆಣದ ಹಾಗೆ ನಾರುತ್ತವಂತೆ. ಬಂದರೆ ಒಂದೇ ದಿನ ಸಾಕಂತೆ. ಅತ್ತೆ ಇದನ್ನು ಹೇಳುವಾಗ ದನಿ ತಗ್ಗಿಸುತ್ತಾರೆ.

೨ ಮೇ, ಬುಧವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು.

ನಿನ್ನೆ ಭರಣಿ ಮಳೆ ಜೋರಾಗಿ ಬಂದಿತ್ತು. ಬೆಳಿಗ್ಗೆ ಕಸ ಎತ್ತುತ್ತಿದ್ದೆ, ಗಾಳಿಯ ಜೊತೆ ವಾಸನೆ ಬಂತು. ಇಲಿ ಸತ್ತಿದೆ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಅದು ಇಲಿಯಲ್ಲ, ಕುರಿ ಸತ್ತ ಹಾಗೆ ಆಯಿತು. ಜಗಲಿಯಿಂದ ನನ್ನನ್ನು ಕೂಗುವ ಅತ್ತೆಯ ದನಿ: "ಅಂಬೀ! ಏನೇ ಅದು ವಾಸ್ನೆ?"

ನಾನು ಉತ್ತರ ಹೇಳುವುದರೊಳಗೆ ಪಕ್ಕದ ಮನೆ ದಾಸಮ್ಮಕ್ಕ ಮೂಗಿಗೆ ಸೆರಗು ಒತ್ತಿಕೊಂಡು ಅಂಗಳಕ್ಕೆ ಬಂದಳು. ಅವಳ ಮನೆಯ ಹುಳ ಇನ್ನೂ ಮೂರನೇ ಜ್ವರದಲ್ಲಿವೆ. "ಬೀರಮ್ಮಕ್ಕ, ನಿಮ್ ಹುಳ ಕೊಳ್ತೋಗವೆ. ಈಗ್ಲೇ ಗುಂಡಿಗಾಕಿ ಸುಣ್ಣ ಸುರೀರಿ. ನಮ್ಮನೆಗೂ ಬಡಿಸ್ಬ್ಯಾಡಿ, ನಿಮ್ ಕಾಲಿಗೆ ಬೀಳ್ತೀನಿ."

ಹಾಗೇ ಮಾಡುವುದು ಇಲ್ಲಿಯ ಪದ್ಧತಿ. ವಾಸನೆ ಬಂದ ಮನೆ ಅದೇ ದಿನ ಹುಳ ಚೆಲ್ಲಬೇಕು, ಇಲ್ಲದಿದ್ದರೆ ಊರಿನ ಹುಳವೆಲ್ಲ ಹೋಗುತ್ತದೆ. ಇವರು ಬಾಗಿಲಲ್ಲಿ ನಿಂತಿದ್ದರು. ಅತ್ತೆ ನನ್ನನ್ನು ಕರೆದು ಕೇಳಿದರು, "ನಿಜ ಹೇಳೇ. ಹೊರಗಾಗಿದ್ದಾಗ ಒಳಕ್ಕೋಗಿದ್ಯಾ?"

ಮೈಯೆಲ್ಲ ಉರಿಯಿತು. "ಹೋಗಿಲ್ಲ. ನಿಮ್ ಮೇಲಾಣೆ ಹೋಗಿಲ್ಲ. ಹುಳಕ್ಕೆ ಏನೂ ಆಗಿಲ್ಲ ಅತ್ತೆ!" ಒಳಗೆ ಓಡಿ ಒಂದು ಹಿಡಿ ಹುಳ ತಂದು ಅವರ ಮಡಿಲಿಗೆ ಹಾಕಿದೆ. "ಮುಟ್ ನೋಡಿ. ಗಟ್ಟಿಯಾಗವೆ, ತಣ್ಣಗವೆ. ಹಿಕ್ಕೆ ನೋಡಿ, ಮೆಣಸಿನ್ ಕಾಳಿನಂಗೆ ಒಣಗೈತೆ. ಸಪ್ಪೆ ಬಂದ್ರೆ ಹಸಿ ಹಸಿಯಾಗಿ ಅಂಟ್ಕತದೆ ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ?"

ಅತ್ತೆ ಒಂದು ಹುಳ ಎತ್ತಿ ಹಿಡಿದರು. ಕಣ್ಣಿಗೆ ಹತ್ತಿರ ತಂದರು. ಅವರ ಕೈಗೆ ಅದು ಸುಳ್ಳು ಹೇಳಲಿಲ್ಲ, ಮುಖದಲ್ಲಿ ಕಂಡಿತು. ಆದರೆ ಮೂಗು ಒಪ್ಪಬೇಕಲ್ಲ. "ಕೈಗೆ ಚಂದಾಗೇ ಐತೆ" ಅಂದರು, "ಮತ್ತೆ ಈ ನಾತ ಎಲ್ಲಿಂದೆ?"

ಅಷ್ಟರಲ್ಲಿ ದಾಸಮ್ಮಕ್ಕ ಇವರ ಮೇಲೆ ಕೂಗಾಡಿದ್ದಳು. ಇವರು ಹುಳದ ಎರಡು ತಟ್ಟೆ ಎತ್ತಿ ತಲೆ ಮೇಲೆ ಹೊತ್ತು ರೊಪ್ಪದ ಹಿಂದಿನ ಗುಂಡಿಯ ಕಡೆ ಹೊರಟೇಬಿಟ್ಟರು. ನಾನು ಬೆನ್ನ ಹಿಂದೆ ಓಡಿದೆ. "ನನ್ ಹುಳ ಚೆಲ್ಬ್ಯಾಡಿ! ನನ್ ಹುಳ ಕಣ್ರೀ ಅವು!" ಊರೆಲ್ಲ ಕೇಳಿಸುವ ಹಾಗೆ ಕೂಗಿದೆನಂತೆ, ಆಮೇಲೆ ಹೇಳಿದರು. ನಾನು ಮುಟ್ಟುವಷ್ಟರಲ್ಲಿ ಎರಡು ತಟ್ಟೆಯೂ ಮಗುಚಿ, ಮೇಲೆ ಸುಣ್ಣ ಬಿದ್ದಿತ್ತು. ಬಿಳಿ ಸುಣ್ಣದೊಳಗೆ ಬಿಳಿ ಹುಳಗಳು ತಲೆ ಎತ್ತುತ್ತಿದ್ದವು. ನನಗೆ ಅಳು ಬಂತು. ಜೋರಾಗಿ ಅತ್ತುಬಿಟ್ಟೆ.

ಅಳುತ್ತಾ ಉಸಿರೆಳೆದುಕೊಂಡಾಗಲೇ ಹೊಳೆಯಿತು. ಇಲ್ಲಿ ನಾತ ಇನ್ನೂ ದಪ್ಪ. ಮನೆಗಿಂತ ಅಂಗಳದಲ್ಲಿ ಹೆಚ್ಚು, ಅಂಗಳಕ್ಕಿಂತ ಇಲ್ಲಿ ಹೆಚ್ಚು. ಹುಳದ್ದಾಗಿದ್ದರೆ ಹೀಗೇಕೆ? "ಒಸಿ ನಿಲ್ರೀ" ಅಂದೆ. ಮೂಗು ಕರೆದ ಕಡೆ ನಡೆದೆ. ಜಾಲಿಮುಳ್ಳು ಸರಿಸಿದೆ.

ಅಬ್ಬಾ!

ಏನಂತ ಬರೆಯಲಿ? ನೆಲದಿಂದ ನೇರ, ಎಲೆಯಿಲ್ಲದೆ, ಟೊಂಗೆಯಿಲ್ಲದೆ, ಮಂಕರಿಯಷ್ಟು ಅಗಲದ ಒಂದು ಹೂವು. ಅಂಚೆಲ್ಲ ಸೀರೆಯ ನೆರಿಗೆ. ಹೊರಗೆ ಹಸಿರು ಕಂದು, ಒಳಗೆ ಕುಯ್ದ ಕುರಿಯ ಹಸಿ ಈಲಿಯ ಬಣ್ಣ. ನಟ್ಟನಡುವೆ ಎರಡು ಮುದ್ದೆ ಸೇರಿಸಿದಷ್ಟು ದೊಡ್ಡ, ಸುಕ್ಕುಸುಕ್ಕಾದ ಕರಿಗೆಂಪು ಉಂಡೆ. ಸುತ್ತ ನೊಣಗಳ ಸದ್ದು, ಒಳಗೆ ಸಣ್ಣ ದುಂಬಿಗಳು ಇಳಿಯುತ್ತಿದ್ದವು. ನಾತಕ್ಕೆ ಕಣ್ಣಲ್ಲಿ ನೀರು. ಆದರೂ ಹಿಂದೆ ಸರಿಯಲು ಕಾಲು ಬರಲಿಲ್ಲ. ಕೈ ಹತ್ತಿರ ತಂದರೆ ಅಂಗೈಗೆ ಬೆಚ್ಚಗೆ ತಾಗಿತು. ನೆಲದೊಳಗಿನಿಂದ ಯಾರೋ ಉಸಿರಾಡುತ್ತಿದ್ದ ಹಾಗೆ.

ಇವರು ಹಿಂದಿನಿಂದ ಬಂದು ನಿಂತರು. ಕೈಯಲ್ಲಿ ಖಾಲಿ ತಟ್ಟೆ. "ಏನಮ್ಮಿ ಇದು?" ಅಂದರು, ದೇವಸ್ಥಾನದಲ್ಲಿ ಮಾತಾಡುವ ದನಿಯಲ್ಲಿ.

"ಅವ್ವನ ಗೆಡ್ಡೆ. ಹೂ ಬಿಟ್ಟೈತೆ."

ಇವರು ತಟ್ಟೆಯನ್ನು ಮೆಲ್ಲಗೆ ನೆಲಕ್ಕಿಟ್ಟರು. ಗುಂಡಿಯ ಕಡೆ ನೋಡಿದರು, ನನ್ನ ಮುಖ ನೋಡಲಿಲ್ಲ.

ಮಾವ ಓಡಿಹೋಗಿ ಅತ್ತೆಗೆ ಹೇಳಿದರು. "ನಾನ್ ನಂಬಾಕಿಲ್ಲ, ನಾನ್ ನೋಡ್ಬೇಕು" ಅಂತ ಅತ್ತೆಯ ಹಠ. ಕೊನೆಗೆ ಇವರು ತಾಯಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದರು. ಬಿಳಿ ಪಟ್ಟಿಯ ಕಾಲು ನೊಗದ ಹಾಗೆ ಮುಂದಕ್ಕೆ ಚಾಚಿದೆ, ಅದನ್ನು ಮಾವ ಎರಡು ಕೈಯಲ್ಲಿ ಎತ್ತಿ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದಾರೆ, ಹಿಂದೆ ದಾಸಮ್ಮಕ್ಕ, ಅವಳ ಹಿಂದೆ ಅರ್ಧ ಊರು. ಎಲ್ಲರೂ ಮೂಗು ಮುಚ್ಚಿಕೊಂಡು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಅತ್ತೆ ಮಗನ ಭುಜದ ಮೇಲಿಂದ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಸುವರ್ಣಗಡ್ಡೆ ಹೂವಾ ಇದು? ಅರ್ವತ್ ವರ್ಸ ಆಯ್ತಲ್ಲೇ ನಂಗೆ. ನೋಡೇ ಇಲ್ವಲ್ಲ."

"ಹೆಂಗ್ ನೋಡಿರ್ತೀರ ಅತ್ತೆ? ಹೂ ಬುಡೋಕ್ ಮುಂಚೆನೇ ಕಿತ್ತು ಸಾರು ಮಾಡ್ತೀವಿ. ಇದ್ರ ಬುತ್ತಿ ಇದಕ್ಕೆ ಯಾರು ಬುಟ್ಟವ್ರೆ?"

ಹೇಳುತ್ತಿದ್ದ ಹಾಗೇ ಅವ್ವ ನೆನಪಾದಳು. ಅವ್ವನೂ ಇದನ್ನು ನೋಡಿಲ್ಲ. ವರ್ಷವರ್ಷವೂ ನೆಟ್ಟಳು, ವರ್ಷವರ್ಷವೂ ಅಗೆದಳು, ಕುಡಿಯ ಚೂರೊಂದನ್ನು ಮತ್ತೆ ನೆಲಕ್ಕಿಟ್ಟು ಮಿಕ್ಕಿದ್ದನ್ನೆಲ್ಲ ನಮ್ಮ ತಟ್ಟೆಗೆ ಹಾಕಿದಳು. ಇದು ಹೀಗೆ ಅರಳುತ್ತದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ನಾನೂ ಅಣ್ಣನೂ ಆ ಹೂವುಗಳನ್ನೆಲ್ಲ ತಿಂದು ಬೆಳೆದವರು.

ಅತ್ತೆ ನನ್ನ ಮುಖ ನೋಡಿದರು. ಏನು ಕಂಡಿತೋ. ಮೂಗು ಮುಚ್ಚಿದ್ದ ಕೈ ತೆಗೆದು, ಮಗನ ಕೊರಳ ಸುತ್ತಿದ್ದ ಇನ್ನೊಂದು ಕೈಯನ್ನೂ ತೆಗೆದು, ಎರಡೂ ಕೈ ಜೋಡಿಸಿದರು. ಬೀಳುತ್ತಿದ್ದರು, ಮಾವ ಹಿಡಿದುಕೊಂಡರು.

೩ ಮೇ

ನಾತ ಇಲ್ಲ! ಬೆಳಿಗ್ಗೆ ಹೋಗಿ ನೋಡಿದೆ, ನೆರಿಗೆ ಬಾಡಿ ಜೋತಿದೆ. ಇಷ್ಟು ವರ್ಷ ಕೂಡಿಟ್ಟದ್ದು ಒಂದು ಹಗಲಿಗೆ, ನೊಣ ದುಂಬಿಗಳನ್ನು ಕರೆಯಲಿಕ್ಕೆ. ಮಲ್ಲಿಗೆ ಪರಿಮಳ ಕೊಟ್ಟು ಕರೆಯುತ್ತದೆ, ಇದು ನಾತ ಕೊಟ್ಟು ಕರೆಯುತ್ತದೆ. ಬರುವವರು ಬರುತ್ತಾರೆ.

ಹುಳ ಚೆನ್ನಾಗಿ ತಿನ್ನುತ್ತಿವೆ. ದಾಸಮ್ಮಕ್ಕ ಒಂದು ಹೊರೆ ಸೊಪ್ಪು ತಂದು ಬಾಗಿಲಲ್ಲಿ ಹಾಕಿ ಹೋದಳು.

೬ ಮೇ

ಹಣ್ಣಾದವು. ಮೈ ಬಂಗಾರದ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತಿಳಿ. ತಿನ್ನುವುದು ಬಿಟ್ಟು ತಲೆ ಎತ್ತಿ ಏನನ್ನೋ ಹುಡುಕುತ್ತವೆ. ಒಂದೊಂದನ್ನೇ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಅತ್ತೆಯ ಮಂಚದ ಪಕ್ಕಕ್ಕೂ ಒಂದು ಚಂದ್ರಿಕೆ ಒರಗಿಸಿದೆವು, ಅವರೇ ಕೇಳಿದರು. "ನಿಂಗೆ ಬೆರಳು ಮೆತ್ತಗೈತೆ" ಅಂದರು. ಹೊಗಳಿದ್ದೋ ಬೈದದ್ದೋ ಗೊತ್ತಾಗಲಿಲ್ಲ.

ಇವೂ ಇಷ್ಟು ದಿನ ತಿಂದದ್ದೆಲ್ಲ ಬುತ್ತಿಯೇ. ರೆಕ್ಕೆಗೆಂದು ಕಟ್ಟಿಕೊಂಡದ್ದನ್ನು ನಾವು ಕಿತ್ತು ಸೀರೆ ಮಾಡುತ್ತೇವೆ. ನೂಲು ಬಿಡುವುದನ್ನು ನೋಡುತ್ತಾ ಕೂತೆ. ಇದಕ್ಕಿಂತ ಹೆಚ್ಚು ಯೋಚಿಸಿದರೆ ಬದುಕಲಾಗುವುದಿಲ್ಲ, ಸಾರಿಗೆ ಬೇಳೆ ಹಾಕಬೇಕು.

೧೩ ಮೇ

ನಿನ್ನೆ ಇವರು, ಮಾವ ಗೂಡು ಹೇರಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗಿ ಬಂದರು. ಹಿಡಿ ತುಂಬ ಗೂಡು ಎತ್ತಿ ಅಲ್ಲಾಡಿಸಿ ನೋಡಿದವರೆಲ್ಲ ಯಾರ ಕೈಯ ಮಾಲು ಅಂತ ಕೇಳಿದರಂತೆ. ಮಾವ "ನಮ್ ಸೊಸೇದು" ಅಂದರಂತೆ. ನನಗೆ ಬಳೆ ತಂದಿದ್ದಾರೆ, ಅತ್ತೆಗೆ ಊರುಗೋಲು.

ರಾತ್ರಿ ಉಣ್ಣುವಾಗ ಇವರು ನಿಧಾನಕ್ಕೆ ತೆಗೆದರು. "ಬೆಳೆ ಏನೋ ಬಂತು. ಆದ್ರೆ ಪೂರ್ತಿ ಬರ್ಲಿಲ್ವಲ್ಲ, ಎರಡು ತಟ್ಟೆ ಹೋಯ್ತು. ಹಿತ್ಲಾಗೆ ಅರ್ಧಕ್ಕೆ ಕಡ್ಡಿ ನೆಟ್ರೆ…"

ನಾನು ಬಾಯಿ ತೆಗೆಯುವ ಮುಂಚೆ ಅತ್ತೆಯ ಹೊಸ ಊರುಗೋಲು ನೆಲಕ್ಕೆ ಬಡಿಯಿತು. "ಏನ್ಲಾ ಅಂದೆ? ತಟ್ಟೆ ಚೆಲ್ದೋನು ನೀನು. ಅವ್ಳು ಬ್ಯಾಡ ಬ್ಯಾಡ ಅಂತ ಬಡ್ಕಂಡ್ರೂ ಕೇಳ್ದೆ ಚೆಲ್ದೋನು ನೀನು. ಹಿತ್ಲು ಅವ್ಳ್ದು. ನೇಗ್ಲು ಗೀಗ್ಲು ಅಂತ ಆ ಕಡೆ ತಲೆ ಹಾಕಿದ್ರೆ ಈ ಮುರುಕಲು ಕಾಲಾಗೇ ಒದ್ದೇನು!"

ಇವರು ಮುದ್ದೆಗೆ ಬಗ್ಗಿದರು. ಆಮೇಲೆ ಕೈ ತೊಳೆಯುವಾಗ ನನಗೆ ಮಾತ್ರ ಕೇಳುವ ಹಾಗೆ, "ಚೆಲ್ಲಬಾರ್ದಿತ್ತು" ಅಂದರು. ಮಾತು ಬಿಡಬೇಕೆಂದಿದ್ದೆ, ಬಿಡಲಾಗಲಿಲ್ಲ.

೨೭ ಮೇ, ಭಾನುವಾರ

ಅಣ್ಣ ಗಂಗಯ್ಯ ಬಂದಿದ್ದ, ಕರೆದುಕೊಂಡು ಹೋಗಲು. ಪಾಪ, ಮಾಗಡಿಯಿಂದ ಮೂರು ಬಸ್ಸು ಬದಲಿಸಿ ಬಂದಿದ್ದಾನೆ. ಹಿತ್ತಲಿಗೆ ಕರೆದೊಯ್ದು ತೋರಿಸಿದೆ. ಹೂವಿದ್ದ ಜಾಗದ ಪಕ್ಕದಲ್ಲಿ ಈಗ ಎಲೆಯ ಮೊಳಕೆ ಚೂಪಾಗಿ ಎದ್ದಿದೆ. ಇನ್ನೂ ಬುತ್ತಿ ಉಳಿಸಿಕೊಂಡಿದೆ ಕಳ್ಳಿ. ಸುತ್ತ ಕೈ ಹಾಕಿ ಮಣ್ಣು ಬಿಡಿಸಿ, ಮುಷ್ಟಿಯಷ್ಟು ದಪ್ಪದ ಎರಡು ಮರಿಗೆಡ್ಡೆ ತೆಗೆದೆ. ಒಂದನ್ನು ಅಣ್ಣನ ಹೆಗಲ ವಲ್ಲಿಗೆ ಕಟ್ಟಿದೆ.

"ನಾಲ್ಕು ವರ್ಷ ಕೀಳ್ಬ್ಯಾಡ ಅಣ್ಣ. ಎಷ್ಟೇ ಆಸೆ ಆದ್ರೂ ಕೀಳ್ಬ್ಯಾಡ. ಅವ್ವನ್ ಸಮಾಧಿ ಹತ್ರ ನೆಡು."

ಅಣ್ಣ ಗಂಟನ್ನು ಎದೆಗೆ ಒತ್ತಿಕೊಂಡ. "ಆಯ್ತು. ಸೀರೆ ಗೀರೆ ಕಟ್ಕೊ, ಹೊರ್ಡು. ಕೊನೇ ಬಸ್ಸಿಗೆ ಹೋಗುವ" ಅಂದ.

"ಈಗೆಲ್ ಬರ್ಲಿ ಅಣ್ಣ? ಮನೇಲಿ ಹುಳ ಜ್ವರಕ್ಕೆ ಕೂತವೆ. ಅತ್ತೆಗೆ ಈಗ ತಾನೆ ಒಸಿ ಕಾಲೂರೋಕೆ ಆಗ್ತಾ ಐತೆ. ಈ ಬೆಳೆ ಒಂದ್ ಎದ್ದೋಗ್ಲಿ, ನಿಮ್ಮನೆಗೆ ಬಂದು ನಾಲ್ಕ್ ದಿನ ಇದ್ ಬತ್ತೀನಿ."

ಅಣ್ಣ ನನ್ನನ್ನು ಒಂದು ಥರ ನೋಡಿ ನಕ್ಕ. ಯಾಕೆ ನಕ್ಕನೋ. ಬಸ್ಸಿಗೆ ಹೊತ್ತಾಯಿತು ಅಂತ ಹೊರಟ.

ಎರಡನೇ ಗೆಡ್ಡೆ ಹಿಡಿದುಕೊಂಡು ಅಂಗಳಕ್ಕೆ ಬಂದೆ. ಅತ್ತೆ ಊರುಗೋಲಿನ ಮೇಲೆ ಭಾರ ಹಾಕಿ ಜಗಲಿ ಇಳಿದು ನಿಂತಿದ್ದರು. ಯಾರ ಸಹಾಯವೂ ಇಲ್ಲದೆ, ಮೊದಲ ಸಲ.

"ಅದ್ನ ಇಲ್ಲಿ ನೆಡು" ಅಂದರು. ಊರುಗೋಲಿನ ತುದಿಯಿಂದ ತಮ್ಮ ಮಂಚದ ಎದುರಿಗೇ ನೆಲದಲ್ಲಿ ಗೀರು ಎಳೆದರು.

"ಇಲ್ಲಾ? ಮನೆ ಮುಂದೇನಾ? ಹೂ ಬುಟ್ರೆ ಊರೆಲ್ಲ ನಾರ್ತದಲ್ಲ ಅತ್ತೆ."

"ನಾರಿದ್ರೆ ನಾರ್ಲಿ. ನಿಮ್ಮವ್ವಂತೂ ನೋಡ್ಲಿಲ್ಲ. ನಾನು ಆವತ್ತು ಮಗನ್ ಬೆನ್ ಮೇಲೆ ಕುಂತ್ಕಂಡು ಅರೆಬರೆ ನೋಡ್ದೆ. ಇದನ್ನ ಚಂದಾಗಿ ಹತ್ರ ಕುಂತ್ಕಂಡು ನೋಡ್ಬೇಕು." ಗೀರಿನ ಮೇಲೆ ಊರುಗೋಲು ಒತ್ತಿ ಹಿಡಿದು, "ನಾಲ್ಕು ವರ್ಸ ತಾನೇ? ಇರ್ತೀನಿ ಕಣೇ. ನೀನು ಕೀಳ್ಬ್ಯಾಡ" ಅಂದರು.

ಗುದ್ದಲಿ ತಂದು ಗುಂಡಿ ತೆಗೆದೆ. ಅತ್ತೆ ನಿಂತೇ ಇದ್ದರು, ಇನ್ನೊಸಿ ಆಳ, ಇನ್ನೊಸಿ ಆಳ ಅನ್ನುತ್ತಾ.